ಕುಬಸದ ಬಳೆ, ತೇಪೆಯ ಗ್ಲೌಸ್

ಗೋಡೆಗೆ ಪೋಸ್ಟರ್ ಬಂತು, ಗ್ಲೌಸ್ ಬರಲಿಲ್ಲ. ಆ ಕಾಲದ ನನ್ನ ನೌಕರಿಯ ಬಗ್ಗೆ ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರುವುದು ಇದೇ ಮಾತು. ಆಮೇಲೆ ಬೇಕಾದಷ್ಟು ಬೈಗುಳ ಬರುತ್ತವೆ, ಅವನ್ನು ಇಲ್ಲಿ ಬರೆಯುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹಿರಿಯ ನರ್ಸ್. ಯಾವ ಊರು ಎಂದು ಕೇಳಬೇಡಿ. ಕೂಡ್ಲಿಗಿ ಬಸ್ಸೂ ಬರುತ್ತಿತ್ತು, ಕೊಟ್ಟೂರು ಬಸ್ಸೂ ಬರುತ್ತಿತ್ತು, ಹಗರಿಬೊಮ್ಮನಹಳ್ಳಿಯ ಬಸ್ಸು ಮನಸ್ಸಾದರೆ ಬರುತ್ತಿತ್ತು. ಅಷ್ಟು ತಿಳಿದರೆ ಸಾಕು. ಏಡ್ಸ್ ಎಂಬ ರೋಗ ಜಗತ್ತನ್ನೆಲ್ಲ ಸುತ್ತಿ ನಮ್ಮ ಕಡೆಗೂ ಬಂದಿತ್ತು. ಕಾನಹೊಸಹಳ್ಳಿ ದಾಟಿ ಹೋಗುವ ಲಾರಿಗಳ ಜೊತೆ ಬಂತೆಂದು ಜನ ಹೇಳುತ್ತಿದ್ದರು. ಜನಕ್ಕೇನು, ಯಾವ ರೋಗ ಬಂದರೂ ಅದು ಹತ್ತಿ ಬಂದ ಗಾಡಿಯನ್ನು ಹುಡುಕಿಕೊಡುತ್ತಾರೆ.

ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಆ ಜಡ್ಡು’ ಎನ್ನುತ್ತಿದ್ದರು, ಅಷ್ಟೆ. ನಮಗೆ ಬಂದ ಪೋಸ್ಟರಿನಲ್ಲಿ ಕಪ್ಪು ಬಣ್ಣದ ಮೇಲೆ ಒಂದು ತಲೆಬುರುಡೆ ಇತ್ತು, ಅದರ ಕೆಳಗೆ ಕೆಂಪಕ್ಷರದಲ್ಲಿ ಇದಕ್ಕೆ ಮದ್ದಿಲ್ಲ ಎಂದು ಬರೆದಿತ್ತು. ಹೆರಿಗೆಗೆ ಬಂದ ಬಸುರಿಯರು ಆ ಬುರುಡೆಯ ಕೆಳಗೇ ಬೆಂಚಿನ ಮೇಲೆ ಕೂರಬೇಕಿತ್ತು. ನೋಡುವಷ್ಟು ನೋಡಿ, ಒಂದು ದಿನ ಅದನ್ನು ಕಿತ್ತು ಔಷಧಿ ಕೋಣೆಯ ಬಾಗಿಲ ಹಿಂದೆ ಅಂಟಿಸಿದೆ. ಅಲ್ಲಿಂದ ಅದು ನಮ್ಮನ್ನೇ ನೋಡತೊಡಗಿತು.

ರೋಗದ ಹೆದರಿಕೆ ಹಬ್ಬಿದ ಮೇಲೆ ಎಲ್ಲ ಕಡೆಯೂ ಗ್ಲೌಸ್ ಬೇಕಾಯಿತು. ದೊಡ್ಡ ಊರುಗಳ ಆಸ್ಪತ್ರೆಗೆ ಮೊದಲು ಹೋದವು. ನಮಗೆ ಮುಂಚೆ ಬರುತ್ತಿದ್ದಷ್ಟೂ ನಿಂತುಹೋಯಿತು. ಕೇಳಿ ಕಳಿಸಿದರೆ ‘ಬಂದಾಗ ಕೊಡ್ತೀವಿ’ ಎಂಬ ಉತ್ತರ. ಹೆರಿಗೆ ನೋವಿಗೂ ಹಾಗೇ ಹೇಳಲಿಕ್ಕಾಗುತ್ತದೆಯೇ? ಗ್ಲೌಸ್ ಬಂದಾಗ ಬಾರವ್ವ ಅಂತ?

ಒಂದು ಸಲ ಹಾಕಿ ಬಿಸಾಡುವ ಗ್ಲೌಸ್ ನೋಡಿ ಬೆಳೆದ ಈಗಿನ ಹುಡುಗಿಯರಿಗೆ ಹೇಳಿದರೆ ನಂಬುವುದಿಲ್ಲ, ನಾವು ಗ್ಲೌಸ್ ಒಗೆಯುತ್ತಿದ್ದೆವು. ಹೆರಿಗೆ ಮುಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು. ಗುಳ್ಳೆ ಎದ್ದ ಕಡೆ ತೂತು. ಪೂರ್ತಿ ಹರಿದುಹೋದ ಗ್ಲೌಸಿನಿಂದ ಚೂರು ಕತ್ತರಿಸಿ, ಸೈಕಲ್ ಶಾಪಿನವರು ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ ಹಚ್ಚಿ, ತೂತಿನ ಮೇಲೆ ತೇಪೆ ಹಾಕುವುದು. ಹಗ್ಗದ ಮೇಲೆ ಒಣಗಿಸಿ, ಪೌಡರ್ ಉದುರಿಸಿ, ಬಟ್ಟೆಯಲ್ಲಿ ಸುತ್ತಿ, ಡ್ರಮ್ಮಿನಲ್ಲಿಟ್ಟು ಹಬೆಯಲ್ಲಿ ಬೇಯಿಸುವುದು. ಬೇಯಿಸಿದಷ್ಟೂ ರಬ್ಬರು ಸಡಿಲಾಗಿ, ಅಂಟಂಟಾಗಿ, ಕೊನೆಗೆ ಈರುಳ್ಳಿ ಸಿಪ್ಪೆಯ ಹಾಗಾಗುತ್ತಿತ್ತು.

ತೇಪೆ ಹಾಕುವವಳು ವಾರ್ಡಿನ ಆಯಾ. ಉಜ್ಜಿನಿ ಕಡೆಯವಳು, ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಬಾಯಿಯಲ್ಲಿ ನನಗೆ ಸಮ. ಆಸ್ಪತ್ರೆಯ ಹಿತ್ತಲಲ್ಲಿ ಗ್ಲೌಸ್‌ಗಳು ಹಗ್ಗದ ಮೇಲೆ ಗಾಳಿಗೆ ಬೆರಳಾಡಿಸುತ್ತ ಒಣಗುತ್ತಿದ್ದವು.

“ನೋಡ್ರಿ ಸಿಸ್ಟರಮ್ಮಾ, ಹೆಂಗ ಬಾ ಬಾ ಅಂತ ಕರಿಯಾಕತ್ಯಾವ” ಎಂದು ಆಯಾ ನಗುತ್ತಿದ್ದಳು.

“ಸುಮ್ನ ಕೆಲಸ ಮಾಡು. ಕೆಟ್ಟ ಬಾಯಿ ನಿಂದು” ಎಂದು ನಾನು ಗದರುತ್ತಿದ್ದೆ. ಆ ಕೈಗಳನ್ನು ನೋಡಿದರೆ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ನಮ್ಮ ಜೊತೆ ಆಗ ಹರಪನಹಳ್ಳಿಯ ಒಬ್ಬ ಹೊಸ ಸಿಸ್ಟರ್ ಇದ್ದಳು. ತರಬೇತಿ ಮುಗಿಸಿ ಬಂದು ವರ್ಷವೂ ಆಗಿರಲಿಲ್ಲ. ನಾವು ‘ಐತಿ’ ಎಂದರೆ ಅವಳು ‘ಐತೆ’ ಎನ್ನುವಳು, ಅದಕ್ಕೇ ಆಯಾ ಅವಳನ್ನು ‘ದಾವಣಗೆರಿ ಬೆಣ್ಣಿ’ ಎಂದು ಕಾಡಿಸುತ್ತಿದ್ದಳು. ಹುಡುಗಿಗೆ ಮದುವೆ ಗೊತ್ತಾಗಿತ್ತು. ಹೊಸಪೇಟೆಯಲ್ಲಿ ಕೆಲಸದಲ್ಲಿದ್ದ ಹುಡುಗ. ಬರುವ ಬೇಸಿಗೆಗೆ ಮುಹೂರ್ತ. ಕೆಲಸದ ನಡುವೆ ತಾನೇ ಏನೋ ನೆನೆದು ನಗುವಳು, ನಾನು ಬೈದರೆ ಇನ್ನೂ ನಗುವಳು. ನಾನು ಯಾರನ್ನು ಹೆಚ್ಚು ಬೈಯುತ್ತೇನೋ ಅವರೇ ನನಗೆ ಬೇಕಾದವರು ಎಂಬುದು ವಾರ್ಡಿಗೆಲ್ಲ ಗೊತ್ತಿತ್ತು. ಅವಳನ್ನಂತೂ ದಿನವಿಡೀ ಬೈಯುತ್ತಿದ್ದೆ.

ಅವತ್ತು ಸಂತೆಯ ದಿನ. ಬೆಳಗಿನ ಹೊತ್ತಿಗೇ ಒಂದು ಟೆಂಪೋ ಬಂದು ನಿಂತಿತು. ಚೊಚ್ಚಲ ಬಸುರಿ, ಜೊತೆಗೆ ಅವಳ ತಾಯಿ. ಗಂಡನ ಮನೆ ಹೊಳಲು ಕಡೆ, ಮೊದಲ ಹೆರಿಗೆಯೆಂದು ತವರಿಗೆ ಬಂದಿದ್ದಳು. ಹುಡುಗಿಗೆ ಹೆಚ್ಚು ವಯಸ್ಸಿಲ್ಲ. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಮಣಿಕಟ್ಟಿನಿಂದ ಹೆಚ್ಚುಕಡಿಮೆ ಮೊಣಕೈತನಕ. ಕುಬಸದ ಬಳೆಗಳು. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕುಬಸ ಮಾಡುತ್ತಾರೆ. ಆ ಬಳೆ ಹೆರಿಗೆಯಾಗುವ ತನಕ ಕೈಯಲ್ಲಿರಬೇಕು. ತೆಗೆಯುವುದೆಂದರೆ ಅಪಶಕುನ.

ಹೆರಿಗೆ ಮೇಜಿನ ಮೇಲೆ ಗಾಜಿನ ಬಳೆ ನನಗೆ ಮೊದಲಿಂದಲೂ ಆಗದು. ನೋವು ಹೆಚ್ಚಾದಾಗ ಹೆಂಗಸರು ಸಿಕ್ಕಿದ್ದನ್ನು ಹಿಡಿಯುತ್ತಾರೆ, ಮೇಜಿನ ಅಂಚಿಗೆ ಕೈ ಬಡಿಯುತ್ತಾರೆ. ಎಷ್ಟು ಸಲ ಗಾಜಿನ ಚೂರು ಗುಡಿಸಿದ್ದೇವೋ ಲೆಕ್ಕವಿಲ್ಲ.

“ಬಳಿ ತೆಗಿಯವ್ವ. ಒಂದೊಂದು ಇಟ್ಗಂಡು ಉಳಿದಾವ ನಿಮ್ಮವ್ವನ ಕೈಯಾಗ ಕೊಡು” ಎಂದೆ.

ಅವಳು ಎರಡೂ ಕೈಯನ್ನು ಎದೆಗೆ ಅವುಚಿಕೊಂಡಳು. “ಬ್ಯಾಡ್ರಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಗಂಡ ಜಡ್ಡಿನಾಗ ಬಿದ್ದಾನ. ನಾ ಬಳಿ ತೆಗೆದ್ರ ಅವಂಗ ಏನಾರ ಆಕ್ಕತಿ.”

“ಏನ್ ಜಡ್ಡು?”

ತಾಯಿ ನಡುವೆ ಬಾಯಿ ಹಾಕಿದಳು. “ಕಾಮಣಿ ಆಗೈತ್ರಿ. ಕಾಮಣಿ.”

ಕಾಮಣಿ ಎಂದರೆ ಕಾಮಾಲೆ. ಮತ್ತೆ ಕೇಳಲಿಲ್ಲ. ಗಂಡ ಹಾಸಿಗೆ ಹಿಡಿದಿರುವಾಗ ಬಳೆ ತೆಗಿ ಎಂದು ಒಬ್ಬ ಹೆಂಗಸಿಗೆ ಎರಡನೇ ಸಲ ಹೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಸೀಮೆಯ ಯಾವ ನರ್ಸಿಗೂ ಇರಲಿಲ್ಲ ಬಿಡಿ. ನಾವೂ ಬಳೆ ತೊಟ್ಟವರೇ. ಹಳೇ ಸೀರೆಯ ತುಂಡೊಂದನ್ನು ಬಳೆಗಳ ಮೇಲೆ ಸುತ್ತಿ ಗಂಟು ಹಾಕಿದೆ.

ಡ್ರಮ್ಮಿನಲ್ಲಿ ಇದ್ದದ್ದು ಒಂದೇ ಜೊತೆ ಗ್ಲೌಸ್. ಎಡಗೈಯದಕ್ಕೆ ಎರಡು ತೇಪೆ, ಬಲಗೈಯದಕ್ಕೆ ಒಂದು. ಹೆರಿಗೆ ಮಾಡಿಸುವವಳು ಹೊಸ ಸಿಸ್ಟರ್, ಆದ್ದರಿಂದ ಅವು ಅವಳಿಗೆ. ನಾನು ಬರಿಗೈಯಲ್ಲಿ ತಲೆಯ ಕಡೆ ನಿಂತು ಭುಜ ಹಿಡಿದುಕೊಂಡೆ. ಹೆರಿಗೆ ಕಷ್ಟದ್ದೇನೂ ಆಗಿರಲಿಲ್ಲ. ಕೊನೆಯ ನೋವು ಬಂತು, ಮಗುವಿನ ತಲೆ ಹೊರಗೆ ಬಂತು. ಆ ಕ್ಷಣದಲ್ಲಿ ಹುಡುಗಿ ಚೀರಿಕೊಂಡು, ನನ್ನ ಕೈಯಿಂದ ಬಿಡಿಸಿಕೊಂಡು ಮುಂದಕ್ಕೆ ಬಾಗಿ, ಸಿಸ್ಟರಿನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಬಟ್ಟೆ ಸುತ್ತಿದ್ದು ಜಾರಿ ಹೋಗಿತ್ತು. ಬಳೆಗಳು ಪಟಪಟ ಒಡೆದವು.

“ಅಕ್ಕ” ಎಂದಳು ಸಿಸ್ಟರ್. ಅಷ್ಟೇ ಅಂದದ್ದು.

ಅವಳ ಹೆಬ್ಬೆರಳಿನ ಬುಡದಲ್ಲಿ ಒಂದು ಹಸಿರು ಗಾಜಿನ ಚೂರು ನೆಟ್ಟಗೆ ನಿಂತಿತ್ತು. ಗ್ಲೌಸನ್ನು ಸೀಳಿಕೊಂಡು ಒಳಗೆ ಹೋಗಿತ್ತು. ಮಗುವಿನ ತಲೆ ಅವಳ ಕೈಯಲ್ಲಿ, ಬಿಡುವ ಹಾಗಿಲ್ಲ. ಬಿಡಲೂ ಇಲ್ಲ. ಭುಜ ಬಂತು, ಮೈ ಬಂತು, ಹೆಣ್ಣು ಕೂಸು, ಅತ್ತಿತು. ಹೊಕ್ಕುಳ ಬಳ್ಳಿ ಕತ್ತರಿಸಿ ಕೂಸನ್ನು ಆಯಾಳ ಕೈಗೆ ಕೊಟ್ಟ ಮೇಲೆ ಗ್ಲೌಸ್ ಬಿಚ್ಚಿದಳು. ಒಳಗೆಲ್ಲ ರಕ್ತ. ಅವಳದೆಷ್ಟು, ಬಾಣಂತಿಯದೆಷ್ಟು ಎಂದು ಯಾರೂ ಹೇಳುವ ಹಾಗಿರಲಿಲ್ಲ.

“ಏನೂ ಆಗಿಲ್ಲ ಬಿಡಕ್ಕ, ಸಣ್ಣ ಗಾಯ” ಎಂದು ನಕ್ಕಳು. ನಾನೂ ಹಾಗೇ ಅಂದುಕೊಂಡೆ. ಬಳೆ ಚುಚ್ಚುವುದು ನಮಗೆ ಹೊಸತೇ? ನಲ್ಲಿಯಲ್ಲಿ ನೀರಿರಲಿಲ್ಲ. ಆಯಾ ಚೊಂಬಿನಿಂದ ನೀರು ಹಾಕಿದಳು, ಸೋಪು ಹಚ್ಚಿ ತೊಳೆದು ಸ್ಪಿರಿಟ್ ಸುರಿದೆವು.

ಹಿತ್ತಲಲ್ಲಿ ನಾನು ಕೈ ತೊಳೆಯುತ್ತಿದ್ದಾಗ ಬಾಣಂತಿಯ ತಾಯಿ ಬಂದು ನಿಂತಳು. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಸಕ್ಕರೆ ಕೊಡಲು ಬಂದಿದ್ದಾಳೆ ಎಂದುಕೊಂಡೆ. ಅವಳ ಮುಖ ನೋಡಿದರೆ ಬಣ್ಣವೇ ಇಲ್ಲ.

“ಆ ತಂಗಿ ಕೈಗೆ ಬಳಿ ಚುಚ್ಚಿತಂತಲ್ರಿ. ರಕ್ತ ಬಂತೇನ್ರಿ?”

“ಬಂತು. ಯಾಕ?”

ಅವಳು ನನ್ನ ಕಾಲು ಹಿಡಿದುಕೊಂಡುಬಿಟ್ಟಳು. “ಸುಳ್ಳು ಹೇಳಿದ್ವಿರಿ ಯವ್ವಾ. ಅಳಿಯಗ ಕಾಮಣಿ ಅಲ್ರಿ. ಆ ಜಡ್ಡು ಐತಂತ ದಾವಣಗೆರ್ಯಾಗ ಹೇಳ್ಯಾರ. ನನ್ನ ಮಗಳಿಗೆ ಇನ್ನಾ ಗೊತ್ತಿಲ್ಲ. ಆ ತಂಗೀನೂ ಒಬ್ಬ ತಾಯಿ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲೇನ್ರಿ, ಅದಕ್ಕ ಹೇಳಿದೆ. ಯಾರ ಮುಂದೂ ಅನಬ್ಯಾಡ್ರಿ.”

ಆ ಹೆಂಗಸಿನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅವಳನ್ನು ಎತ್ತಿ ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡೂ ಮಾಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ತಲೆಯ ಮೇಲೆ ಹಗ್ಗ, ಹಗ್ಗದ ಮೇಲೆ ಆ ಗ್ಲೌಸ್‌ಗಳು ಬಾ ಬಾ ಎನ್ನುತ್ತಿದ್ದವು. ಅವಳು ಹೇಳದೆ ಇದ್ದಿದ್ದರೆ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅದನ್ನು ಮಾತ್ರ ನಾನು ಈಗಲೂ ಮರೆತಿಲ್ಲ.

ಡಾಕ್ಟರ ಹತ್ತಿರ ಓಡಿದೆ. ಅವರು ಒಳ್ಳೆಯವರು, ಆದರೆ ಅವರಿಗೂ ಆ ರೋಗ ಪುಸ್ತಕದಲ್ಲಿ ಕಂಡಷ್ಟೇ. ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

“ಬಾಣಂತಿಯ ರಕ್ತ ಮೊದಲು ಪರೀಕ್ಷೆ ಮಾಡಿಸೋಣ. ಅವಳಿಗೆ ಇಲ್ಲ ಅಂದ್ರೆ ಇಲ್ಲಿಗೇ ಮುಗೀತು. ಸಿಸ್ಟರಿಂದು ಈಗ ನೋಡಿದ್ರೆ ಏನೂ ಗೊತ್ತಾಗಲ್ಲ. ಮೂರು ತಿಂಗಳಿಗೆ ಒಂದ್ಸಲ, ಆರು ತಿಂಗಳಿಗೆ ಒಂದ್ಸಲ ನೋಡ್ಬೇಕು.”

“ಅಲ್ಲಿತನಕ?”

ಅವರು ಮತ್ತೆ ಕನ್ನಡಕ ಹಾಕಿಕೊಂಡರು. ಚುಚ್ಚಿಸಿಕೊಂಡವರಿಗೆ ಕೊಡುವ ಮಾತ್ರೆಗಳು ಎಲ್ಲೋ ದೂರದಲ್ಲಿ ಇವೆ ಎಂದು ಕೇಳಿದ್ದೆವು, ನಮ್ಮ ಕಡೆ ಕಣ್ಣಿನಿಂದ ನೋಡಿದವರಿರಲಿಲ್ಲ.

ನಾನು ವಾರ್ಡಿಗೆ ಮರಳಿದರೆ ಮಂಚ ಖಾಲಿ. ತಾಯಿ ಹೇಳಿಬಿಟ್ಟು, ಹೇಳಿದ್ದಕ್ಕೇ ಹೆದರಿ, ಮಗಳನ್ನೂ ಹಸಿಗೂಸನ್ನೂ ಕಟ್ಟಿಕೊಂಡು ಸಂತೆಯ ಟೆಂಪೋ ಹತ್ತಿ ಹೋಗಿದ್ದಳು. ಆಯಾ ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲವಂತೆ. ಹಾಸಿಗೆಯ ಮೇಲೆ ಹಸಿರು ಬಳೆಯ ಚೂರುಗಳು ಮಾತ್ರ ಇದ್ದವು.

ಸಿಸ್ಟರಿಗೆ ನಾನೇ ಹೇಳಬೇಕಾಯಿತು. ಔಷಧಿ ಕೋಣೆಗೆ ಕರೆದು, ಬಾಗಿಲು ಹಾಕಿ ಹೇಳಿದೆ. ಬಾಗಿಲು ಹಾಕಿದ ಮೇಲೆ ನೆನಪಾಯಿತು, ಅದರ ಹಿಂದೆ ಆ ಬುರುಡೆ ಇದೆ. ಹುಡುಗಿ ಅಳಲಿಲ್ಲ. ಪಟ್ಟಿ ಕಟ್ಟಿದ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದಳು.

“ಅಕ್ಕ, ನಮ್ಮಪ್ಪಗೆ ಏನಂತ ಹೇಳ್ಲಿ? ಮದುವೆ ಐತೆ.”

“ನಿಮ್ಮಪ್ಪಗ ನಾ ಹೇಳ್ತೀನಿ. ನೀ ಬಾಯಿ ಮುಚ್ಚಿಕಂಡಿರು.”

“ನಾನು ಸತ್ತೋಗ್ತೀನಾ ಅಕ್ಕ?”

“ಮುಚ್ಚಲೇ ಬಾಯಿ!” ಎಂದು ಕಿರುಚಿದೆ. ಹೊರಗೆ ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿರಬೇಕು. ಆಮೇಲೆ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ.

ಬಳ್ಳಾರಿಗೆ ಹೋಗಿ ಮೊದಲ ರಕ್ತ ಕೊಟ್ಟು ಬಂದೆವು. ಏನೂ ಇಲ್ಲ ಎಂದು ಬಂತು, ಆದರೆ ಅದಕ್ಕೆ ಅರ್ಥವಿಲ್ಲ ಎಂಬುದೂ ಗೊತ್ತಿತ್ತು. ಮುಂದಿನ ಭಾನುವಾರ ನಾನು ಹರಪನಹಳ್ಳಿಗೆ ಹೋದೆ. ಅವಳ ತಂದೆ ಸಣ್ಣ ಕಿರಾಣಿ ಅಂಗಡಿಯವರು, ಬಹಳ ಮರ್ಯಾದಸ್ಥರು. ಮಂಡಕ್ಕಿ, ಮಿರ್ಚಿ ತರಿಸಿ ಕೂರಿಸಿದರು. ಮದುವೆಗೆ ಮಾಡಿಸಿದ ಬೀರು ತೋರಿಸಿದರು. ನಾನು ಮಿರ್ಚಿ ತಟ್ಟೆ ಪಕ್ಕಕ್ಕೆ ಸರಿಸಿದೆ.

“ನೋಡಿ ಸರ್, ಹೊಸ ರೂಲ್ಸ್ ಬಂದೈತಿ. ಈ ಬ್ಯಾಸಿಗ್ಯಾಗ ರಜಾ ಕೊಡಂಗಿಲ್ಲ. ಮದುವಿ ಮುಂದಕ್ಕ ಹಾಕ್ರಿ. ಇಲ್ಲಾಂದ್ರ ಹುಡುಗಿ ನೌಕರಿಗೆ ತ್ರಾಸಾಕ್ಕತಿ.”

“ಹಂಗಾ? ಹುಡುಗನ ಕಡೆಯೋರು ಏನನ್ನಬಹುದು?”

“ಸರ್ಕಾರಿ ನೌಕರಿ ಸೊಸಿ ಬೇಕಂದ್ರ ಕಾಯ್ತಾರ ತಗಳ್ರಿ!” ಎಂದು ಅವರಿಗೂ ಜೋರು ಮಾಡಿದೆ. ಅಷ್ಟು ನೇರವಾಗಿ ಸುಳ್ಳು ಹೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಪಾಪ, ಅವರು ಬಸ್ ಸ್ಟ್ಯಾಂಡಿನವರೆಗೂ ಬಂದು ಕಳಿಸಿಕೊಟ್ಟು, “ನಮ್ಮ ಹುಡುಗಿ ಮೇಲೆ ಒಂದು ಕಣ್ಣಿಟ್ಟಿರಿ ತಾಯಿ” ಎಂದರು. ಬಸ್ಸು ಊರು ದಾಟುವತನಕ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದೆ.

ಆ ದಿನಗಳ ಹೆದರಿಕೆ ಹೇಗಿತ್ತೆಂದು ಹೇಗೆ ಹೇಳಲಿ? ಸಿಸ್ಟರ್ ಕೆಮ್ಮಿದರೆ ನನ್ನ ಕೈಯಲ್ಲಿದ್ದುದು ಬೀಳುತ್ತಿತ್ತು. ಅವಳಿಗೆ ಮೈ ಬಿಸಿಯಾದರೆ ನನಗೆ ಜ್ವರ ಬಂದಂತಾಗುತ್ತಿತ್ತು. ಅವಳು ತನ್ನ ಲೋಟ, ತಟ್ಟೆ ಬೇರೆ ಇಟ್ಟುಕೊಂಡಳು. ಜೊತೆಯಲ್ಲಿ ಕೂತು ಉಣ್ಣುತ್ತಿರಲಿಲ್ಲ. ಹಾಗೆ ಹರಡುವುದಿಲ್ಲ ಎಂದು ನರ್ಸಾದ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಇಟ್ಟಳು. ಒಂದು ದಿನ ಸಿಟ್ಟು ಬಂದು ಆ ಲೋಟವನ್ನು ಕಿತ್ತುಕೊಂಡು, ಅವಳು ಕುಡಿದು ಬಿಟ್ಟ ಚಹಾ ಕುಡಿದುಬಿಟ್ಟೆ. “ಏನ್ ಮಾಡ್ತೀ ಮಾಡು ಈಗ” ಎಂದೆ. ಅವತ್ತು ಅವಳು ಮೊದಲ ಸಲ ಅತ್ತಳು, ಬಿಕ್ಕಿ ಬಿಕ್ಕಿ.

ಆಯಾಳ ಸ್ಥಿತಿ ಇನ್ನೂ ಕೆಟ್ಟದ್ದು. ತನ್ನ ತೇಪೆಯೇ ಬಿಟ್ಟಿತು ಎಂದು ಅವಳ ತಲೆಗೆ ಹೊಕ್ಕಿತ್ತು. ಬಿಸಾಡುವ ಮೊದಲು ಆ ಗ್ಲೌಸನ್ನು ಅವಳಿಗೆ ತೋರಿಸಿದ್ದೆ. ತೇಪೆ ಗಟ್ಟಿಯಾಗಿಯೇ ಇತ್ತು, ಸೀಳಿದ್ದು ಅದರ ಪಕ್ಕದ ಸವೆದ ರಬ್ಬರು. ಆದರೂ ಅವಳು ನಗುವುದನ್ನು ಬಿಟ್ಟಳು. ಹಗ್ಗದ ಮೇಲೆ ಗ್ಲೌಸ್ ಒಣಹಾಕುವುದನ್ನೂ ಬಿಟ್ಟು, ಒಳಗೆ ಕೋಣೆಯಲ್ಲಿ ಬಟ್ಟೆ ಹಾಸಿ, ಮೇಲೊಂದು ಬಟ್ಟೆ ಮುಚ್ಚಿ ಒಣಗಿಸತೊಡಗಿದಳು.

ನನಗೆ ಭಯ ಹೆಚ್ಚಾದರೆ ಸಿಟ್ಟಾಗುತ್ತದೆ. ಒಂದು ದಿನ ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. “ಹೊಸ ಗ್ಲೌಸ್ ಬರೋತನಕ ನನ್ನ ಹುಡುಗಿಯರು ಒಳಗೆ ಕಾಲಿಡಲ್ಲ ಸರ್. ಮೇಲಿನವರಿಗೆ ಹಂಗೇ ಹೇಳಿಬಿಡಿ” ಎಂದು ಡಾಕ್ಟರಿಗೆ ಹೇಳಿದೆ. ಅವರು ಫೋನಿಗೆ ಹೋದರು. ಅವರು ಇನ್ನೂ ಫೋನು ತಿರುಗಿಸುತ್ತಿರುವಾಗಲೇ ಎತ್ತಿನ ಗಾಡಿಯಲ್ಲಿ ಒಬ್ಬ ಬಸುರಿ ಬಂದಳು. ನೀರು ಹೋಗಿ ಎಷ್ಟೋ ಹೊತ್ತಾಗಿತ್ತು. ಬಾಗಿಲಿಗೆ ಅಡ್ಡ ನಿಂತವಳು ಏನು ಮಾಡಬೇಕು ಈಗ? ಹುಡುಗಿಯರನ್ನು ಹೊರಗೇ ನಿಲ್ಲಿಸಿ, ತೇಪೆಯ ಗ್ಲೌಸ್ ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡು ನಾನೇ ಒಳಗೆ ಹೋದೆ. ಬೆರಳು ಮಡಚಲು ಬರುತ್ತಿರಲಿಲ್ಲ. ಕೂಸಿನ ತಲೆ ಜಾರಿದರೆ ಗತಿಯೇನು ಎಂದು ಒಂದು ಹೆದರಿಕೆ, ಗ್ಲೌಸ್ ಹರಿದರೆ ಗತಿಯೇನು ಎಂದು ಇನ್ನೊಂದು. ಅಂಥ ಹೆರಿಗೆಯನ್ನು ನಾನು ಮತ್ತೆ ಮಾಡಿಸಿಲ್ಲ. ಹೊರಗೆ ಬಂದಾಗ ಸೀರೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆ ಗದ್ದಲಕ್ಕೋ ಏನೋ, ಸ್ವಲ್ಪ ದಿನಕ್ಕೆ ಒಂದು ಡಬ್ಬಿ ಹೊಸ ಗ್ಲೌಸ್ ಬಂತು. ಅಲ್ಮೇರಾದಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೆರಿಗೆಗೆ ಬಿಟ್ಟು ಬೇರಾವುದಕ್ಕೂ ಕೊಡಲಿಲ್ಲ, ಡಾಕ್ಟರು ಕೇಳಿದರೂ ಕೊಡಲಿಲ್ಲ.

ಬಳೆಗೆ ಏನು ಮಾಡುವುದು? ಅದಕ್ಕೆ ದಾರಿ ಹುಡುಕಿದವಳು ಸಿಸ್ಟರೇ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿ, ಅರಿಶಿನದಲ್ಲಿ ಅದ್ದಿ ಒಣಗಿಸಿಟ್ಟಳು. ಹೆರಿಗೆಗೆ ಬಂದವರ ಕೈಗೆ ಮೊದಲು ಆ ಅರಿಶಿನದ ಪಟ್ಟಿ ಕಟ್ಟುವಳು. “ಕೈ ಬರಿದಾಗಿಲ್ಲ ನೋಡಿ. ಈಗ ಬಳೆ ತೆಗೀರಿ. ಮಗು ಆದ ಕೂಡ್ಲೆ ನಾನೇ ತೊಡಿಸ್ತೀನಿ” ಎನ್ನುವಳು. ಸೋಪು ಹಚ್ಚಿ ಒಂದೂ ಒಡೆಯದಂತೆ ಇಳಿಸುವಳು. ಹೆರಿಗೆಯಾದ ಮೇಲೆ ಕೊಟ್ಟ ಮಾತಿನಂತೆ ಒಂದೊಂದೇ ಏರಿಸುವಳು. ಜಗಳವಾಡುತ್ತಿದ್ದ ಅತ್ತೆಯರೂ ಸುಮ್ಮನಾದರು. ಆ ಪಟ್ಟಿ ಕಟ್ಟುವಾಗ ಅವಳ ಹೆಬ್ಬೆರಳ ಬುಡದ ಗಾಯದ ಗುರುತು ನನಗೆ ಕಾಣುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ಮೂರು ತಿಂಗಳ ಪರೀಕ್ಷೆಯಲ್ಲಿ ಇಲ್ಲ ಎಂದು ಬಂತು. ಉಸಿರು ಬಂತು, ಪೂರ್ತಿ ಬರಲಿಲ್ಲ. ಆರು ತಿಂಗಳ ಪರೀಕ್ಷೆಗೆ ಅವಳ ಜೊತೆ ಬಳ್ಳಾರಿಗೆ ಹೋದೆ. ಬೆಂಚಿನ ಮೇಲೆ ಕಾಯುವಾಗ ಅವಳು ನನ್ನ ಕೈ ಹಿಡಿದಿದ್ದಳು. ಹೆಸರು ಕೂಗಿದಾಗ ಕೈ ಬಿಡದೆ ಇಬ್ಬರೂ ಒಳಗೆ ಹೋದೆವು. ಒಳಗಿದ್ದವರು ತಲೆಯೆತ್ತದೆ “ನೆಗೆಟಿವ್” ಎಂದರು. ಒಂದು ಸಲಕ್ಕೆ ನಂಬಿಕೆ ಬರದೆ “ಇನ್ನೊಮ್ಮೆ ಹೇಳ್ರಿ” ಎಂದೆ. ಅವರು ಇನ್ನೊಮ್ಮೆ ಹೇಳಿದರು. ನಾನು ಆ ಕೋಣೆಯಲ್ಲೇ ಗಟ್ಟಿಯಾಗಿ ಅತ್ತೆ. ಸಿಸ್ಟರೇ ನನ್ನನ್ನು ಹಿಡಿದುಕೊಂಡು ಹೊರಗೆ ಕರೆತಂದಳು.

ಊರಿಗೆ ಬಂದ ಕೂಡಲೇ ಆಯಾ ಅವಳನ್ನು ಬಳೆ ಅಂಗಡಿಗೆ ಎಳೆದುಕೊಂಡು ಹೋಗಿ, ಬೇಡ ಬೇಡ ಎಂದರೂ ಕೇಳದೆ ಎರಡು ಕೈಗೂ ಬಳೆ ತೊಡಿಸಿಕೊಂಡು ಬಂದಳು. “ಮದುವಿ ಹೆಣ್ಣು ಬರಿಗೈಲಿ ಇರತಾಳೇನು? ಬೆಣ್ಣಿ, ಇನ್ನ ನಗಲೇ ನೀನು” ಎಂದು ಅವಳ ಗಲ್ಲ ಹಿಂಡಿದಳು. ಎಷ್ಟೋ ದಿನದ ಮೇಲೆ ಆಯಾ ತಾನೂ ನಕ್ಕಳು. ಮದುವೆಗೆ ಮತ್ತೆ ದಿನ ಗೊತ್ತಾಯಿತು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ಕೂಸುಗಳಿಗೆ ಲಸಿಕೆಯ ಸೂಜಿ ಹಾಕುವ ದಿನ ಸಾಲಿನ ಕೊನೆಯಲ್ಲಿ ಒಬ್ಬಳು ನಿಂತಿದ್ದಳು. ನಾನು ಗುರುತು ಹಿಡಿಯಲಿಲ್ಲ. ಸೊರಗಿ ಅರ್ಧವಾಗಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, “ಆ ಸಣ್ಣ ಸಿಸ್ಟರ್ ಅದಾರೇನ್ರಿ? ಚಲೋ ಅದಾರೇನ್ರಿ?” ಎಂದು ಕೇಳಿದಾಗ ಧ್ವನಿ ಗುರುತಾಯಿತು, ಆ ಹಸಿರು ಬಳೆಯ ಹುಡುಗಿ.

“ಅದಾಳ. ಅಕಿಗೆ ಏನೂ ಆಗಿಲ್ಲ. ಕೊನೀ ಪರೀಕ್ಷೆನೂ ಆತು” ಎಂದೆ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ನಮ್ಮವ್ವ ಹೇಳಿದ್ಳ್ರಿ. ಆಮ್ಯಾಲೆ ಹೇಳಿದ್ಳು. ದಿನಾ ಅವರ ಸಲುವಾಗಿ ದೀಪ ಹಚ್ಚಾಕತ್ತಿದ್ಳು. ನನ್ನ ಬಳಿಯಿಂದ ಆತಲ್ರಿ, ನೀವು ತೆಗಿ ಅಂದ್ರೂ ನಾ ತೆಗೀಲಿಲ್ಲ.”

“ನಿನ್ನ ಗಂಡ?”

ಅವಳು ತಲೆ ಅಲ್ಲಾಡಿಸಿದಳು. ಕೂಸು ಹುಟ್ಟಿ ಎರಡು ತಿಂಗಳಿಗೆ ಹೋದನಂತೆ. ಅವನ ಆರೈಕೆಯಲ್ಲಿ, ಆಮೇಲಿನ ಕಾರ್ಯಗಳಲ್ಲಿ ಕೂಸಿನ ಸೂಜಿಗಳೆಲ್ಲ ತಪ್ಪಿದ್ದವು. “ನನ್ನ ರಕ್ತಾನೂ ನೋಡಿದ್ರು. ನನಗೂ ಐತಂತ್ರಿ. ಕೂಸಿಂದು ಈಗ ಗೊತ್ತಾಗಂಗಿಲ್ಲಂತ. ಇನ್ನಾ ದೊಡ್ಡದಾಗಬೇಕಂತ.”

ನಾನೂ ಅವಳ ಪಕ್ಕದಲ್ಲಿ ಕೂತೆ. ಕೂಸಿನ ಪರೀಕ್ಷೆಗೆ ಕಾಯುವುದೆಂದರೆ ನನಗೆ ಗೊತ್ತಿದ್ದ ಹೆದರಿಕೆಯೇ. ಆದರೆ ತಾಯಿಯೊಬ್ಬಳನ್ನು ಬಿಟ್ಟರೆ ಅವಳ ಜೊತೆ ಬಳ್ಳಾರಿಯ ಬೆಂಚಿನ ಮೇಲೆ ಕೈ ಹಿಡಿದು ಕೂರುವವರು ಯಾರೂ ಇರಲಿಲ್ಲ.

ಒಳಗಿನಿಂದ ಸಿಸ್ಟರ್ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ಕೂಸಿನ ತಾಯಿ ಗಡಬಡಿಸಿ ಎದ್ದು, ಕೂಸನ್ನು ನನ್ನ ತೊಡೆಯ ಮೇಲಿಟ್ಟು, ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತಿರುಗಿಸಿ ತೋರಿಸಿದಳು. ಮಣಿಕಟ್ಟಿನಲ್ಲಿ ಬಳೆಗಳಿದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

“ಈಗ ಹೆದರಬ್ಯಾಡ್ರಿ ಸಿಸ್ಟರ್. ನನ್ನ ಕೈಯಾಗ ಬಳಿ ಇಲ್ಲ.”

ಸಿಸ್ಟರ್ ತನ್ನ ಕೈಯ ಹೊಸ ಬಳೆಗಳನ್ನು ಒಂದೊಂದೇ ಇಳಿಸಿ ನನ್ನ ಪಕ್ಕದಲ್ಲಿಟ್ಟಳು. ಗ್ಲೌಸ್ ಅಲ್ಮೇರಾದ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ಕೇಳಲಿಲ್ಲ. ಆ ಹುಡುಗಿಯ ಎರಡೂ ಕೈಯನ್ನು ಬರಿಗೈಯಲ್ಲಿ ಹಿಡಿದುಕೊಂಡು ಆ ಮೆಟ್ಟಿಲ ಮೇಲೇ ಕೂತಳು. ನಾನು ಬೈಯಲಿಲ್ಲ. ಕೂಸು ನನ್ನ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿತ್ತು. ಸೂಜಿ ಹಾಕುವ ಹೊತ್ತು ಮೀರುತ್ತಿತ್ತು, ಬಿಡಿಸಿಕೊಳ್ಳಲು ನನಗೆ ಕೈ ಬರಲಿಲ್ಲ.